ಬಾನೆಟ್ ಎತ್ತಿ ನೋಡಿದರೆ: ಅಂಬಾಸಿಡರ್ ಮತ್ತು ಮಾರುತಿ 800

ಹಳೆಯ ಅಂಬಾಸಿಡರ್ ಕಾರಿನ ಬಾನೆಟ್ ಎತ್ತಿದರೆ ಮೊದಲು ಕಣ್ಣಿಗೆ ಬೀಳುವುದು ಧಾರಾಳವಾದ ಜಾಗ. ಉದ್ದಕ್ಕೆ ಕೂರಿಸಿದ 1489 ಸಿಸಿ ಎಂಜಿನ್ನಿನ ಎರಡೂ ಬದಿಗೆ ಕೈ, ಸ್ಪ್ಯಾನರ್ ಸಲೀಸಾಗಿ ಇಳಿಯುತ್ತವೆ. ದಾರಿಯಲ್ಲಿ ಕೆಟ್ಟು ನಿಂತ ಗಾಡಿಯನ್ನು ಹತ್ತಿರದ ಊರಿನ ಮೆಕ್ಯಾನಿಕ್ ಅಲ್ಲೇ ಸರಿಮಾಡಿ ಕಳಿಸುತ್ತಿದ್ದದ್ದು ಇದರಿಂದಲೇ. ಮಾರುತಿ 800ರ ಬಾನೆಟ್ ಕೆಳಗೆ ಲೆಕ್ಕವೇ ಬೇರೆ. ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ಅಡ್ಡಲಾಗಿ ಕೂತಿದೆ. ಮುಂದಿನ ಚಕ್ರಗಳೇ ಗಾಡಿಯನ್ನು ಎಳೆಯುವುದರಿಂದ ಹಿಂದಕ್ಕೆ ಹೋಗುವ ಶಾಫ್ಟ್ ಬೇಕಿಲ್ಲ. ಹೀಗೆ ಉಳಿಸಿದ ಜಾಗವೆಲ್ಲ ಕೂರುವವರ ಪಾಲಿಗೆ.

ಅಂಬಾಸಿಡರ್ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದದ್ದು. 1950ರ ದಶಕದ ಕೊನೆಯಿಂದ ಕೋಲ್ಕತ್ತ ಬಳಿಯ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟರ್ಸ್ ಅದನ್ನು ತಯಾರಿಸಿತು. ಗೇರ್ ಸ್ಟಿಯರಿಂಗಿನ ಪಕ್ಕದಲ್ಲಿ, ಮುಂದೆ ಒಂದೇ ಉದ್ದನೆಯ ಸೀಟು. ಡ್ರೈವರ್ ಬಿಟ್ಟು ಇನ್ನಿಬ್ಬರು ಮುಂದೆಯೇ ಕೂರಬಹುದಿತ್ತು. ಹಿಂದೆ ಲಾರಿಗಿರುವಂಥ ಪಟ್ಟಿ ಸ್ಪ್ರಿಂಗು. ಮಂತ್ರಿಗಳ ಸವಾರಿಗೂ ಮದುವೆ ದಿಬ್ಬಣಕ್ಕೂ ಅದೇ ಕಾರು. ಆದರೆ ಟನ್ನಿಗೂ ಮೀರಿದ ಭಾರ, ಗಟ್ಟಿ ಸ್ಟಿಯರಿಂಗು. ಅನುಕೂಲವಿದ್ದವರು ಡ್ರೈವರ್ ಇಟ್ಟುಕೊಂಡು ತಾವು ಹಿಂದೆ ಕೂರುತ್ತಿದ್ದರು.

1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಮಾರುತಿಯ ಕೀಲಿಯನ್ನು ಇಂಡಿಯನ್ ಏರ್‌ಲೈನ್ಸ್ ನೌಕರರೊಬ್ಬರ ಕೈಗಿಟ್ಟರು. ಬೆಲೆ ಸುಮಾರು 50 ಸಾವಿರ ರೂಪಾಯಿ, ತೂಕ ಅಂಬಾಸಿಡರ್‌ಗಿಂತ ಎಷ್ಟೋ ಕಡಿಮೆ. ಹಗುರ ಸ್ಟಿಯರಿಂಗಿನ ಈ ಕಾರಿನಲ್ಲಿ ಮಾಲೀಕ ಹಿಂದಿನ ಸೀಟು ಬಿಟ್ಟು ಮುಂದಕ್ಕೆ ಬಂದ. ಮನೆಯ ಹೆಣ್ಣುಮಕ್ಕಳೂ ಡ್ರೈವಿಂಗ್ ಕಲಿತರು. ನನ್ನ ಮಟ್ಟಿಗೆ ಮಾರುತಿ ತಂದ ದೊಡ್ಡ ಬದಲಾವಣೆ ಇದೇ. ಮೈಲೇಜಿನ ಮಾತು ಆಮೇಲಿನದು.

ಎರಡರ ತಯಾರಿಕೆಯೂ ನಿಂತದ್ದು ಒಂದೇ ವರ್ಷ. 2014ರ ಜನವರಿಯಲ್ಲಿ ಮಾರುತಿ 800, ಮೇ ತಿಂಗಳಲ್ಲಿ ಅಂಬಾಸಿಡರ್.

ಆದರೆ ನಂತರದ ಮರ್ಯಾದೆ ಮಾತ್ರ ಸಮನಾಗಿ ಸಿಕ್ಕಿಲ್ಲ. ಹಳೆಯ ಕಾರುಗಳನ್ನು ಆದರದಿಂದ ಕಾಪಾಡುವವರು ನಮ್ಮಲ್ಲಿದ್ದಾರೆ. ಧರ್ಮಸ್ಥಳದವರು ಶ್ರೀರಂಗಪಟ್ಟಣದ ಬಳಿ ಕಟ್ಟಿಸಿದ 'ಪಯಣ' ಸಂಗ್ರಹಾಲಯವನ್ನು ನೋಡಿದರೆ ಸಾಕು. ಆ ಆಸ್ಥೆಯಲ್ಲಿ ಅಂಬಾಸಿಡರ್‌ಗೆ ಪಾಲಿದೆ, ಮಾರುತಿಗೆ ಇನ್ನೂ ಇಲ್ಲ. ಬೀದಿಗೊಂದು ಇದ್ದ ಕಾರಲ್ಲವೇ, ಅದರಲ್ಲೇನು ವಿಶೇಷ ಎಂಬ ಉದಾಸೀನ. 2021ರ ಕೇಂದ್ರದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಕೆಡದ ಕಾರಿಗಷ್ಟೇ ವಿಂಟೇಜ್ ಮಾನ್ಯತೆ. ಅರುವತ್ತರ ದಶಕದ ಅಂಬಾಸಿಡರ್ ಆ ಗೆರೆ ದಾಟಿದೆ. ಮೊದಲ ಮಾರುತಿಗಳು 2033ರ ತನಕ ಕಾಯಬೇಕು.

ಅಷ್ಟರವರೆಗೆ ಅವು ಉಳಿಯಬೇಕಲ್ಲ! 1986ರಲ್ಲಿ ಮಾರುತಿಯ ರೂಪವೇ ಬದಲಾಯಿತು. ಅದಕ್ಕೂ ಹಿಂದಿನ, ಪೆಟ್ಟಿಗೆಯಂಥ ಮೈಕಟ್ಟಿನ ಕಾರುಗಳು ಈಗ ಅಪರೂಪ. ನಿಮ್ಮ ಶೆಡ್ಡಿನಲ್ಲಿ ಅಂಥದ್ದೊಂದು ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಅದರ ಆರ್‌ಸಿ ಪುಸ್ತಕವನ್ನೂ ಜೋಪಾನವಾಗಿಡಿ.