ಪಕ್ಷಿ ಛಾಯಾಗ್ರಹಣ: ಲೆನ್ಸಿನ ಆಯ್ಕೆಯಲ್ಲಿ ಅಗತ್ಯವೆಷ್ಟು, ಆಸೆಯೆಷ್ಟು?

ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆ ನಮ್ಮ ಮನೆಯ ಮಕ್ಕಳಿಗೂ ತಿಳಿದದ್ದು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ಕಾಯಕಕ್ಕೆ ಬೇಕಾದುದೆಷ್ಟು, ಆಸೆ ಬೇಡುವುದೆಷ್ಟು ಎಂಬುದರ ನಡುವಿನ ಗೆರೆಯನ್ನು ಆ ತಾಯಿ ಅಂದು ತೋರಿಸಿಕೊಟ್ಟರು.

ಕ್ಯಾಮೆರಾ ಕೊಳ್ಳುವ ಮಾತಿಗೂ ಈ ಕಥೆಗೂ ಏನು ಸಂಬಂಧವೆಂದು ಓದುಗ ಬಂಧುಗಳು ಕೇಳಬಹುದು. ಇಂದು ಬೀದರ, ಭಾಲ್ಕಿ, ಔರಾದ ಭಾಗದ ಅನೇಕ ಯುವಕ ಯುವತಿಯರಿಗೆ ಹಕ್ಕಿಗಳ ಚಿತ್ರ ತೆಗೆಯುವ ಹವ್ಯಾಸ ಹಿಡಿದಿದೆ. ಇದು ಒಳ್ಳೆಯ ಹವ್ಯಾಸವೇ. ಆದರೆ ಅದಕ್ಕೆ ಬೇಕಾಗುವ ಟೆಲಿಫೋಟೋ ಲೆನ್ಸಿನ ಬೆಲೆಯನ್ನು ಕೇಳಿದಾಗ ತಂದೆತಾಯಿಗಳು ಗಾಬರಿಯಾಗುತ್ತಾರೆ. ಒಂದು ಲೆನ್ಸು ಕೆಲವು ಸಾವಿರಕ್ಕೂ ದೊರೆಯುತ್ತದೆ, ಹಲವು ಲಕ್ಷಕ್ಕೂ ಹೋಗುತ್ತದೆ. ಇವುಗಳಲ್ಲಿ ನಮಗೆ ಬೇಕಾದುದು ಯಾವುದು ಎಂಬುದನ್ನು ನಿರ್ಧರಿಸಲು ಲಕ್ಕಮ್ಮನವರ ಅಳತೆಗೋಲೇ ಸಾಕಾಗುತ್ತದೆಂಬುದು ಈ ಲೇಖನದ ಅಭಿಪ್ರಾಯ.

ನಮ್ಮ ನೆಲ, ನಮ್ಮ ಹಕ್ಕಿಗಳು

ಹಕ್ಕಿಗಳನ್ನು ನೋಡಲು ನಾವು ದೂರದ ಅಭಯಾರಣ್ಯಗಳಿಗೆ ಹೋಗಬೇಕಾಗಿಲ್ಲ. ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಯ ಬಳಿ ಕಟ್ಟಿರುವ ಕಾರಂಜಾ ಜಲಾಶಯದ ಹಿನ್ನೀರಿನಲ್ಲಿ ಚಳಿಗಾಲಕ್ಕೆ ವಲಸೆ ಬಾತುಗಳು ಇಳಿಯುತ್ತವೆ. ಔರಾದ ಮತ್ತು ಭಾಲ್ಕಿ ತಾಲೂಕುಗಳ ಮೂಲಕ ಹರಿಯುವ ಮಾಂಜ್ರಾ ನದಿಯ ದಂಡೆಯಲ್ಲಿ ಬೆಳ್ಳಕ್ಕಿ, ಬಕ, ಮಿಂಚುಳ್ಳಿಗಳಿವೆ. ಬೀದರ ನಗರದ ಸುತ್ತಲಿನ ಕೆಂಪು ಜಂಬಿಟ್ಟಿಗೆಯ ಬಯಲಿನಲ್ಲಿ ಟಿಟ್ಟಿಭ, ನೆಲಗುಬ್ಬಿ, ಗೌಜಲಕ್ಕಿಗಳು ನೆಲದ ಮೇಲೆಯೇ ಬಾಳುತ್ತವೆ. ಕೃಷ್ಣಮೃಗಗಳಿಗೆ ಹೆಸರಾದ ಹೊನ್ನಿಕೇರಿ ಅರಣ್ಯದ ಕಡೆ ನವಿಲಿನ ಕೂಗು ಕೇಳುವುದುಂಟು. ಎರೆಹೊಲದ ತಂತಿಯ ಮೇಲೆ ಕಾಜಾಣ, ಕಳ್ಳಿಪೀರ ಮತ್ತು ನಮ್ಮ ರಾಜ್ಯಪಕ್ಷಿಯಾದ ನೀಲಕಂಠಗಳನ್ನು ಕಾಣಬಹುದು.

ಇವುಗಳಲ್ಲಿ ಹೆಚ್ಚಿನವು ಬಯಲಿನ ಹಕ್ಕಿಗಳು ಎಂಬುದನ್ನು ಗಮನಿಸಬೇಕು. ದಟ್ಟ ಕಾಡಿನಲ್ಲಿ ಗಿಡಮರಗಳ ಮರೆ ಇರುತ್ತದೆ. ನಮ್ಮ ಬಯಲಿನಲ್ಲಿ ಮನುಷ್ಯನ ಮರೆಗೆ ಏನೂ ಇಲ್ಲ. ಆದುದರಿಂದ ಇಲ್ಲಿನ ಹಕ್ಕಿ ನಮ್ಮನ್ನು ಬಹು ದೂರದಿಂದಲೇ ಕಾಣುತ್ತದೆ, ಹತ್ತಿರ ಹೋಗುವ ಮೊದಲೇ ಹಾರಿಬಿಡುತ್ತದೆ. ಲೆನ್ಸಿನ ಆಯ್ಕೆ ಇಲ್ಲಿಂದಲೇ ಆರಂಭವಾಗತಕ್ಕದ್ದು.

ಒಂದು ತಪ್ಪಿನಿಂದ ಕಲಿತ ಪಾಠ

ಹಲವು ವರ್ಷಗಳ ಹಿಂದೆ ಈ ಲೇಖಕನು 200 ಮಿ.ಮೀ. ಲೆನ್ಸನ್ನು ಹಿಡಿದು ಔರಾದ ಕಡೆಯ ಕಲ್ಲುನೆಲದಲ್ಲಿ ಟಿಟ್ಟಿಭದ ಚಿತ್ರಕ್ಕಾಗಿ ಅಲೆದದ್ದುಂಟು. ಗಡಿಭಾಗದ ಮರಾಠಿ ಬಂಧುಗಳು ಟಿಟವಿ ಎನ್ನುವ ಹಕ್ಕಿಯಿದು. ಅದು ಗೂಡು ಕಟ್ಟುವುದಿಲ್ಲ. ಬರಿಯ ನೆಲದ ಮೇಲೆ ಹರಳುಗಳ ನಡುವೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನಿಡುತ್ತದೆ. ಏಪ್ರಿಲ್ ತಿಂಗಳ ಬಿಸಿಲು. ಚಿತ್ರ ಚಿಕ್ಕದಾಗಿ ಬರುತ್ತಿದೆಯೆಂದು ನಾನು ಹೆಜ್ಜೆ ಹೆಜ್ಜೆಗೂ ಮುಂದೆ ಹೋದೆ. ಹಕ್ಕಿ ಮೇಲೆದ್ದು ಕೂಗುತ್ತ ತಲೆಯ ಮೇಲೆ ಸುತ್ತತೊಡಗಿತು. ಅದರ ಕೂಗನ್ನು ನಾನು ಉತ್ಸಾಹದ ಕೂಗೆಂದು ಭಾವಿಸಿ ಅರ್ಧ ಗಂಟೆ ಅಲ್ಲಿಯೇ ನಿಂತೆ.

ಆ ಹೊತ್ತಿಗೆ ಮೊಟ್ಟೆಗಳು ಬಿಸಿಲಿನಲ್ಲಿ ಬರಿದಾಗಿ ಬಿದ್ದಿದ್ದವು. ಬೇಸಿಗೆಯಲ್ಲಿ ಟಿಟ್ಟಿಭವು ಮೊಟ್ಟೆಗಳ ಮೇಲೆ ಕೂಡುವುದು ಬಿಸಿ ಕೊಡಲಿಕ್ಕಷ್ಟೇ ಅಲ್ಲ, ನೆರಳು ಕೊಡಲಿಕ್ಕೂ ಹೌದು. ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪುಗೊಳಿಸುವುದೂ ಉಂಟು. ಈ ಸಂಗತಿಯನ್ನು ನಾನು ಅನಂತರ ಓದಿ ತಿಳಿದೆ. ವಾರದ ಮೇಲೆ ಹೋಗಿ ದೂರದಿಂದ ನೋಡಿದಾಗ ಅಲ್ಲಿ ಹಕ್ಕಿಯೂ ಇರಲಿಲ್ಲ, ಮೊಟ್ಟೆಯೂ ಇರಲಿಲ್ಲ. ಅದಕ್ಕೆ ನಾನೇ ಕಾರಣನೆಂದು ಖಚಿತವಾಗಿ ಹೇಳಲಾರೆ, ಕಾರಣನಲ್ಲವೆಂದೂ ಹೇಳಲಾರೆ. ಉದ್ದ ಲೆನ್ಸಿನ ನಿಜವಾದ ಉಪಯೋಗ ನನಗೆ ಆ ದಿನ ತಿಳಿಯಿತು. ಹಕ್ಕಿ ನಿರ್ಭಯವಾಗಿರುವಷ್ಟು ದೂರದಲ್ಲಿ ನಾವು ನಿಲ್ಲಲೆಂದೇ ಅದು ಇರುವುದು.

ದೂರದ ಲೆಕ್ಕ

ಲೆನ್ಸಿನ ಶಕ್ತಿಯನ್ನು ಅದರ ಸಂಗಮದೂರದಿಂದ ಅಳೆಯುತ್ತಾರೆ. ಅದನ್ನು ಮಿಲಿಮೀಟರುಗಳಲ್ಲಿ ಲೆನ್ಸಿನ ಮೇಲೆಯೇ ಬರೆದಿರುತ್ತಾರೆ. 33 ಸೆಂ.ಮೀ. ಉದ್ದದ ಟಿಟ್ಟಿಭವು 20 ಮೀಟರ್ ದೂರದಲ್ಲಿದೆಯೆಂದು ತಿಳಿಯೋಣ. 50 ಮಿ.ಮೀ. ಲೆನ್ಸಿನಲ್ಲಿ ಅದರ ಬಿಂಬವು ಕ್ಯಾಮೆರಾದೊಳಗೆ 1 ಮಿ.ಮೀ.ಗಿಂತ ಚಿಕ್ಕದಾಗಿ ಮೂಡುತ್ತದೆ. 200 ಮಿ.ಮೀ. ಲೆನ್ಸಿನಲ್ಲಿ ಸುಮಾರು 3.3 ಮಿ.ಮೀ., 400ರಲ್ಲಿ 6.6 ಮಿ.ಮೀ., 600ರಲ್ಲಿ ಸುಮಾರು 10 ಮಿ.ಮೀ. ಆಗುತ್ತದೆ. ಅಂದರೆ 200ರ ಲೆನ್ಸು ಹಿಡಿದವನು 10 ಮೀಟರ್ ಹತ್ತಿರ ಹೋಗಿ ಪಡೆಯುವ ಚಿತ್ರವನ್ನು 400ರ ಲೆನ್ಸು ಹಿಡಿದವನು 20 ಮೀಟರ್ ದೂರದಲ್ಲಿ ನಿಂತೇ ಪಡೆಯುತ್ತಾನೆ.

ಕ್ಯಾಮೆರಾದೊಳಗಿನ ಸಂವೇದಕದ ಅಳತೆಯೂ ಇಲ್ಲಿ ಸೇರುತ್ತದೆ. ಹಳೆಯ ಫಿಲ್ಮಿನ ಅಳತೆಯ, ಅಂದರೆ 36 ಮಿ.ಮೀ. ಅಗಲದ ಸಂವೇದಕಕ್ಕೆ ಫುಲ್ ಫ್ರೇಮ್ ಎಂದು ಹೆಸರು. ಅದಕ್ಕಿಂತ ಚಿಕ್ಕದಾದ ಎಪಿಎಸ್‌–ಸಿ ಸಂವೇದಕವು ಚಿತ್ರದ ನಡುಭಾಗವನ್ನಷ್ಟೇ ಹಿಡಿಯುವುದರಿಂದ, ಅದರಲ್ಲಿ 400 ಮಿ.ಮೀ. ಲೆನ್ಸು ಫುಲ್ ಫ್ರೇಮಿನಲ್ಲಿ 600 ಮಿ.ಮೀ. ಲೆನ್ಸು ಕೊಡುವಷ್ಟು ನೋಟವನ್ನು ಕೊಡುತ್ತದೆ. ಹಕ್ಕಿಯ ಚಿತ್ರಕ್ಕೆ ಇದು ಅನುಕೂಲವೇ ಹೊರತು ಕೊರತೆಯಲ್ಲ. ಆದುದರಿಂದ ದುಬಾರಿಯಾದ ಫುಲ್ ಫ್ರೇಮ್ ಕ್ಯಾಮೆರಾ ಇಲ್ಲವೆಂದು ಯಾರೂ ಕೊರಗಬೇಕಾಗಿಲ್ಲ. ಹಣ ಮಿತವಾಗಿರುವಾಗ ಅದರ ಹೆಚ್ಚಿನ ಪಾಲು ಲೆನ್ಸಿಗೆ ಹೋಗತಕ್ಕದ್ದು. ಕ್ಯಾಮೆರಾಗಳು ಕೆಲವೇ ವರ್ಷಗಳಲ್ಲಿ ಹಳತಾಗುತ್ತವೆ. ಒಳ್ಳೆಯ ಲೆನ್ಸು ಬಹುಕಾಲ ಬಾಳುತ್ತದೆ.

ಬೆಳಕು ಮತ್ತು ಭಾರ

ಲೆನ್ಸಿನ ಮೇಲೆ ಎಫ್ 4, ಎಫ್ 5.6, ಎಫ್ 6.3 ಎಂಬ ಇನ್ನೊಂದು ಅಂಕಿಯಿರುತ್ತದೆ. ಅಂಕಿ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಹೆಚ್ಚು. ಎಫ್ 4ರ ಲೆನ್ಸು ಎಫ್ 5.6ರ ಲೆನ್ಸಿಗಿಂತ ಎರಡರಷ್ಟು ಬೆಳಕನ್ನು ಪಡೆಯುತ್ತದೆ. ಆದರೆ 600 ಮಿ.ಮೀ. ಎಫ್ 4 ಲೆನ್ಸಿನ ಮುಂಗಾಜು ಸುಮಾರು 150 ಮಿ.ಮೀ. ಅಗಲವಿರಬೇಕಾಗುತ್ತದೆ, ಎಫ್ 6.3 ಆದರೆ 95 ಮಿ.ಮೀ. ಸಾಕು. ಬೆಲೆ ಮತ್ತು ಭಾರಗಳಲ್ಲಿರುವ ದೊಡ್ಡ ಅಂತರಕ್ಕೆ ಈ ಗಾಜೇ ಕಾರಣ. ಮಲೆನಾಡಿನ ಕಾಡಿನ ಕತ್ತಲಲ್ಲಿ ಎಫ್ 4 ಬೇಕೆನಿಸಬಹುದು. ಬೀದರಿನ ಬಯಲಿನಲ್ಲಿ ಬೆಳಕಿಗೆ ಬರವಿಲ್ಲ. ಇಲ್ಲಿ ಎಫ್ 5.6 ಅಥವಾ 6.3 ನಮ್ಮ ಕೆಲಸಕ್ಕೆ ಧಾರಾಳವಾಗಿ ಸಾಕು.

ಮೂರು ದಾರಿಗಳು

ಮನೆಯ ಸ್ಥಿತಿಗೆ ತಕ್ಕಂತೆ ಮೂರು ದಾರಿಗಳಿವೆ.

ಮೊದಲನೆಯದು, ಲೆನ್ಸು ಕ್ಯಾಮೆರಾದಲ್ಲಿಯೇ ಕೂಡಿಕೊಂಡಿರುವ ಬ್ರಿಜ್ ಕ್ಯಾಮೆರಾ. 2020ರಲ್ಲಿ ಬಂದ ನಿಕಾನ್ ಪಿ950 ಈ ಬಗೆಯದು. ಫುಲ್ ಫ್ರೇಮಿನ ಲೆಕ್ಕದಲ್ಲಿ 2000 ಮಿ.ಮೀ.ವರೆಗೆ ಅದರ ನೋಟ ಚಾಚುತ್ತದೆ. ಸಂವೇದಕ ಬಹು ಚಿಕ್ಕದಾದುದರಿಂದ ಮಬ್ಬು ಬೆಳಕಿನಲ್ಲಿಯೂ ಹಾರುವ ಹಕ್ಕಿಯಲ್ಲಿಯೂ ಅದು ಸೋಲುತ್ತದೆ. ಆದರೆ ಕುಳಿತ ಹಕ್ಕಿಯನ್ನು ಗುರುತಿಸಲು, ಶಾಲೆಯ ಮಕ್ಕಳಿಗೆ ತೋರಿಸಲು, ಮನೆಮಂದಿಯೆಲ್ಲ ಬಳಸಲು ಅದು ಯೋಗ್ಯವಾದದ್ದು.

ಎರಡನೆಯದು, ಬಳಸಿದ ಎಪಿಎಸ್‌–ಸಿ ಕ್ಯಾಮೆರಾ ಮತ್ತು 400ರಿಂದ 600 ಮಿ.ಮೀ. ತಲುಪುವ ಲೆನ್ಸು. 2014ರ ಕೆನಾನ್ 7ಡಿ ಮಾರ್ಕ್ 2 ಮತ್ತು 2016ರ ನಿಕಾನ್ ಡಿ500 ಕ್ಯಾಮೆರಾಗಳು ಹಕ್ಕಿಯ ಚಿತ್ರಕ್ಕೆ ಹೆಸರಾದವು. ಇವುಗಳಿಗೆ ಸಿಗ್ಮಾ ಅಥವಾ ಟ್ಯಾಮ್ರಾನ್ ಕಂಪನಿಗಳ 150–600 ಮಿ.ಮೀ. ಲೆನ್ಸುಗಳು ಹೊಂದುತ್ತವೆ, ನಿಕಾನಿನದಾದರೆ 200–500 ಮಿ.ಮೀ. ಎಫ್ 5.6 ಇದೆ. ಇವು ಸುಮಾರು 2 ಕಿಲೋ ಅಥವಾ ತುಸು ಹೆಚ್ಚು ತೂಗುತ್ತವೆ. ಹೊಸದನ್ನೇ ಬಯಸುವವರಿಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಿವೆ. ಅವುಗಳಲ್ಲಿ ಹಲವು ಹಕ್ಕಿಯ ಕಣ್ಣನ್ನು ತಾವೇ ಗುರುತಿಸಿ ಫೋಕಸ್ ಮಾಡುತ್ತವೆ. ಕೆನಾನಿನ ಆರ್‌ಎಫ್ 100–400 ಲೆನ್ಸು ಕೇವಲ 635 ಗ್ರಾಂ ತೂಗುವುದರಿಂದ ವಯಸ್ಸಾದವರೂ ಎಳೆಯರೂ ಸುಲಭವಾಗಿ ಹಿಡಿಯಬಹುದು.

ಮೂರನೆಯದು, 600 ಮಿ.ಮೀ. ಎಫ್ 4ರಂತಹ ಮಹಾ ಲೆನ್ಸುಗಳು. 3 ಕಿಲೋ ಮೀರಿದ ಭಾರ, ಹಲವು ಲಕ್ಷದ ಬೆಲೆ. ಛಾಯಾಗ್ರಹಣವೇ ಯಾರ ಕಾಯಕವೋ ಅವರಿಗೆ ಅದು ಅಗತ್ಯವಾಗಬಹುದು. ಉಳಿದವರು ಅದಕ್ಕಾಗಿ ಸಾಲ ಮಾಡುವುದು ಮಾರಯ್ಯನವರ ಆ ಹೆಚ್ಚಿನ ಅಕ್ಕಿಯಂತೆಯೇ ಸರಿ.

ಬಳಸಿದ ಲೆನ್ಸನ್ನು ಕೊಳ್ಳುವಾಗ ಟಾರ್ಚಿನ ಬೆಳಕನ್ನು ಹಾಯಿಸಿ ಒಳಗಾಜಿನಲ್ಲಿ ಬೂಷ್ಟು ಹಿಡಿದಿದೆಯೇ ನೋಡಬೇಕು. ಜೇಡರ ಬಲೆಯಂತಹ ಎಳೆಗಳು ಕಂಡರೆ ಎಷ್ಟು ಅಗ್ಗವಾದರೂ ಬಿಡಬೇಕು. ಫೋಕಸ್ ದೂರಕ್ಕೂ ಹತ್ತಿರಕ್ಕೂ ತಡವರಿಸದೆ ಓಡಬೇಕು. ಮೂಲ ರಸೀದಿಯನ್ನು ಕೇಳಬೇಕು. ನಮ್ಮ ಕ್ಯಾಮೆರಾಕ್ಕೆ ಆ ಲೆನ್ಸು ಕೂಡುತ್ತದೆಯೇ ಎಂಬುದನ್ನು ಜೋಡಿಸಿಯೇ ಪರೀಕ್ಷಿಸಬೇಕು.

ಬಳಕೆಯ ಕೆಲವು ಮಾತುಗಳು

ಕುಳಿತ ಹಕ್ಕಿಗೆ ಷಟರ್ ವೇಗ ಸೆಕೆಂಡಿನ 500ನೆಯ ಒಂದು ಭಾಗ, ಹಾರುವ ಹಕ್ಕಿಗೆ 2000ನೆಯ ಒಂದು ಭಾಗ ಇರಲಿ. ಲೆನ್ಸಿನಲ್ಲಿರುವ ಸ್ಥಿರಕ ವ್ಯವಸ್ಥೆಯು ನಮ್ಮ ಕೈನಡುಕವನ್ನು ತಡೆಯುತ್ತದೆಯೇ ಹೊರತು ಹಕ್ಕಿಯ ಚಲನೆಯನ್ನಲ್ಲ. ದುಬಾರಿ ಸ್ಟ್ಯಾಂಡ್ ಇಲ್ಲದಿದ್ದರೆ ಗಟ್ಟಿ ಬಟ್ಟೆಯ ಚೀಲದಲ್ಲಿ ಎರಡು ಸೇರು ತೊಗರಿಯನ್ನೋ ಜೋಳವನ್ನೋ ತುಂಬಿ ಹೊಲಿದು, ಬದುವಿನ ಮೇಲೋ ಕಾರಿನ ಕಿಟಕಿಯ ಮೇಲೋ ಇಟ್ಟು ಲೆನ್ಸನ್ನು ಅದರ ಮೇಲೆ ಊರಬಹುದು. ಬೇಸಿಗೆಯಲ್ಲಿ ಹೊತ್ತೇರಿದ ಮೇಲೆ ಎರೆನೆಲದಿಂದ ಏಳುವ ಬಿಸಿಗಾಳಿ ದೂರದ ಚಿತ್ರವನ್ನು ನಡುಗಿಸುತ್ತದೆ; ಎಂತಹ ಲೆನ್ಸೂ ಅದನ್ನು ಗೆಲ್ಲಲಾರದು. ಬೆಳಗಿನ ಜಾವವೇ ಸಕಾಲ. ಮಳೆಗಾಲದಲ್ಲಿ ಲೆನ್ಸನ್ನು ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಗಾಳಿಯಾಡದ ಡಬ್ಬಿಯಲ್ಲಿಡಬೇಕು.

ಬೆಳಕಿನ ಅಳತೆಯನ್ನು ತಿಳಿಯಲು ನಮ್ಮ ಬಿದರಿ ಕೆಲಸವನ್ನೇ ನೆನೆಯಬಹುದು. ಕಪ್ಪು ಲೋಹದ ಮೇಲೆ ಬೆಳ್ಳಿಯ ಎಳೆ ಹೊಳೆಯುವಂತೆ ಎರೆಹೊಲದಲ್ಲಿ ಬೆಳ್ಳಕ್ಕಿ ನಿಂತಿರುತ್ತದೆ. ಕ್ಯಾಮೆರಾವು ಕಪ್ಪು ನೆಲವನ್ನು ನೋಡಿ ಬೆಳಕು ಕಡಮೆಯೆಂದು ಭಾವಿಸಿ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಆಗ ಗರಿಗಳ ನವಿರೆಲ್ಲ ಬಿಳಿಚಿಹೋಗುತ್ತದೆ. ಎಕ್ಸ್‌ಪೋಷರನ್ನು ಒಂದು ಅಂಕ ಇಳಿಸಿದರೆ ಗರಿಗಳು ಉಳಿಯುತ್ತವೆ. ಬೆಳ್ಳಗಿನ ಆಕಾಶದೆದುರು ಕುಳಿತ ಕಾಜಾಣಕ್ಕೆ ಇದರ ವಿಲೋಮವಾಗಿ ಒಂದು ಅಂಕ ಏರಿಸಬೇಕು.

ಬೀದರಿನಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಇಲ್ಲಿ ವಾಯುಪಡೆಯ ನೆಲೆಯಿದೆ. ಅದರ ಸುತ್ತಮುತ್ತ ಉದ್ದ ಲೆನ್ಸನ್ನು ಹೊರತೆಗೆಯಬಾರದು, ಹಕ್ಕಿಯ ನೆಪವೂ ಬೇಡ. ಕೋಟೆಯಂತಹ ಸಂರಕ್ಷಿತ ಸ್ಮಾರಕಗಳಲ್ಲಿ ಸ್ಟ್ಯಾಂಡ್ ಬಳಸುವ ಮೊದಲು ಪುರಾತತ್ತ್ವ ಇಲಾಖೆಯ ಅನುಮತಿ ಕೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದನ್ನೂ ಬೇಟೆಯೆಂಬ ಪದದ ಅರ್ಥದೊಳಗೆ ಸೇರಿಸಲಾಗಿದೆ ಎಂಬುದನ್ನು ಪ್ರತಿಯೊಬ್ಬ ಛಾಯಾಗ್ರಾಹಕನೂ ತಿಳಿದಿರಬೇಕು.

ಬಂದೂಕಿನಿಂದ ಲೆನ್ಸಿನವರೆಗೆ

1931–32ರಲ್ಲಿ ಸಲೀಂ ಅಲಿಯವರು ಹೈದರಾಬಾದ್ ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು. ನಮ್ಮ ಬೀದರ ಜಿಲ್ಲೆ ಅಂದು ಆ ಸಂಸ್ಥಾನದಲ್ಲಿತ್ತು. ಆ ಕಾಲದ ಪದ್ಧತಿಯಂತೆ ಹಕ್ಕಿಯ ಜಾತಿಯನ್ನು ನಿಶ್ಚಯಿಸಲು ಅದನ್ನು ಬಂದೂಕಿನಿಂದ ಹೊಡೆದು ಚರ್ಮವನ್ನು ಕಾದಿಡಬೇಕಾಗಿತ್ತು. ಮುಂದಿನ ತಲೆಮಾರಿನಲ್ಲಿ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017), ಸಂಡೂರಿನ ಎಂ.ವೈ. ಘೋರ್ಪಡೆ (1931–2011) ಮುಂತಾದವರು ಒಂದು ರೀಲಿಗೆ 36 ಚಿತ್ರಗಳಷ್ಟೇ ಇದ್ದ ಫಿಲ್ಮಿನ ಕಾಲದಲ್ಲಿ ವನ್ಯಜೀವಿಗಳನ್ನು ತಾಳ್ಮೆಯಿಂದ ಸೆರೆಹಿಡಿದರು. ಮೂಡಿಗೆರೆಯಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿಯವರು ಕ್ಯಾಮೆರಾ ಮತ್ತು ಲೇಖನಿಗಳೆರಡರಿಂದಲೂ ಹಕ್ಕಿಗಳನ್ನು ಕನ್ನಡಿಗರ ಮನೆಗೆ ತಂದರು. ಇಂದು ಸಾಧಾರಣ ಕುಟುಂಬದ ಹುಡುಗಿಯೊಬ್ಬಳು ಕಾರಂಜಾ ದಂಡೆಯಲ್ಲಿ ನಿಂತು, ಒಂದು ಗರಿಯನ್ನೂ ಅಲುಗಿಸದೆ, ಹಕ್ಕಿಯನ್ನು ಗುರುತಿಸಿ ದಾಖಲಿಸಬಲ್ಲಳು. ಈ ಸೌಭಾಗ್ಯ ಹಿಂದಿನವರಿಗೆ ಇರಲಿಲ್ಲ.

ಅಕ್ಕಮಹಾದೇವಿಯವರು ಗಿಳಿ, ಕೋಗಿಲೆ, ನವಿಲುಗಳನ್ನು ಕರೆದು ತಮ್ಮ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಕೇಳಿದರು. ಅವರಿಗೆ ಹಕ್ಕಿಗಳು ದಾರಿ ಕೇಳಬಹುದಾದ ಗೆಳತಿಯರಾಗಿದ್ದವು. ಗೆಳತಿಯ ಮನೆಗೆ ಹೋದವರು ಅವಳ ತೊಟ್ಟಿಲನ್ನು ಅಲುಗಿಸಿ ಬರುವುದಿಲ್ಲ. ಆದುದರಿಂದ ಕ್ಯಾಮೆರಾ ಬೇಕೆಂದು ಕೇಳುವ ಮಕ್ಕಳಿಗೆ ಮೊದಲು ಒಂದು ಬೈನಾಕ್ಯುಲರನ್ನೂ ಹಕ್ಕಿಗಳ ಪುಸ್ತಕವನ್ನೂ ಕೊಡಿಸಿರಿ. ಒಂದು ಚಳಿಗಾಲ ಅವರು ಬರಿದೇ ನೋಡಲಿ. ಎಷ್ಟು ದೂರದಲ್ಲಿ ನಿಂತರೆ ಹಕ್ಕಿ ಮೇಯುವುದನ್ನು ನಿಲ್ಲಿಸುವುದಿಲ್ಲ ಎಂಬುದು ಅವರಿಗೆ ತಾನಾಗಿಯೇ ತಿಳಿಯುತ್ತದೆ. ಆ ದೂರಕ್ಕೆ ಸಾಕಾಗುವ ಲೆನ್ಸನ್ನು ಕೊಳ್ಳಿರಿ. ಅದಕ್ಕಿಂತ ಕಡಮೆಯಾದರೆ ಹಕ್ಕಿಗೆ ತೊಂದರೆ. ಹೆಚ್ಚಾದರೆ ಮನೆಗೆ ಹೊರೆ.