ಮಾತು ಕೇಳುವ ಸೇವಕನು ಯಾರ ಸ್ವಾಧೀನದಲ್ಲಿರಬೇಕು?

2025ನೆಯ ಇಸವಿಯ ಮಾರ್ಚ್ 28ನೆಯ ತಾರೀಖಿಗೆ ಅಮೆಜಾನ್ ಕಂಪನಿಯವರು ತಮ್ಮ ಎಕೋ ಎಂಬ ಮಾತು ಕೇಳುವ ಯಂತ್ರದಲ್ಲಿದ್ದ ಒಂದು ಅನುಕೂಲವನ್ನು ತೆಗೆದುಹಾಕಿದರು. ಅದುವರೆಗೆ ಅಮೇರಿಕೆಯಲ್ಲಿ ಆ ಯಂತ್ರದ ಕೆಲವು ಮಾದರಿಗಳನ್ನು ಕೊಂಡವರು ತಮ್ಮ ಧ್ವನಿಯನ್ನು ಕಂಪನಿಯ ಗಣಕಗಳಿಗೆ ಕಳಿಸಕೂಡದೆಂದು ಕಟ್ಟು ಮಾಡಬಹುದಾಗಿದ್ದಿತು. ಈಗ ಆ ಮಾತಿಲ್ಲ. ಯಂತ್ರಕ್ಕೆ ಬೆಲೆ ಕೊಟ್ಟವನು ಗೃಹಸ್ಥನು. ಅದು ಕುಳಿತಿರುವದು ಅವನ ಅಡಿಗೆಮನೆಯಲ್ಲಿ. ಆದರೆ ಅದು ಕೇಳಿದ ಮಾತನ್ನು ಯಾರಿಗೆ ಒಪ್ಪಿಸಬೇಕೆಂಬುದನ್ನು ಗೊತ್ತುಪಡಿಸುವವರು ಸಿಯಾಟಲ್ ಪಟ್ಟಣದಲ್ಲಿದ್ದಾರೆ. ಇದೇ ಕಂಪನಿಯವರು ಮಕ್ಕಳ ಧ್ವನಿಮುದ್ರಣಗಳನ್ನು ಅನುಚಿತವಾಗಿ ಇಟ್ಟುಕೊಂಡರೆಂದು ಅಮೇರಿಕೆಯ ಸರಕಾರವು 2023ರಲ್ಲಿ ಆಪಾದಿಸಲು, ಅವರು ಆಪಾದನೆಯನ್ನು ಒಪ್ಪದೆಯೇ ಎರಡೂವರೆ ಕೋಟಿ ಡಾಲರು ದಂಡ ತೆರಲು ಒಡಂಬಟ್ಟರು. ಅನ್ನ ನಮ್ಮದು, ಚಾಕರಿ ಇನ್ನೊಬ್ಬರದು ಎಂಬಂಥ ಆಳನ್ನು ನಮ್ಮ ಹಿರಿಯರಾರೂ ನಡುಮನೆಯವರೆಗೆ ಬಿಟ್ಟುಕೊಂಡುದನ್ನು ನಾವು ಕೇಳಿಲ್ಲ.

ಹಾಗಾದರೆ ಇಂಥ ಸೇವಕನನ್ನು ನಾವೇ ಸಿದ್ಧಪಡಿಸಿಕೊಳ್ಳಬಹುದೇ ಎಂದು ವಾಚಕರು ಕೇಳಬಹುದು. ನಿಸ್ಸಂದೇಹವಾಗಿ ಮಾಡಿಕೊಳ್ಳಬಹುದು. ಅದಕ್ಕೆ ಬೇಕಾದ ಉಪಕರಣಗಳು ಬೆಲೆಯಿಲ್ಲದೆ, ಒಳಗಿನ ರಚನೆಯ ಸಮೇತ, ಯಾರು ಬೇಕಾದರೂ ತೆಗೆದುಕೊಂಡು ತಿದ್ದಿಕೊಳ್ಳುವಂತೆ ಬಹಿರಂಗವಾಗಿ ದೊರೆಯುತ್ತಿವೆ. ಇವಕ್ಕೆ ಮುಕ್ತ ತಂತ್ರಾಂಶಗಳೆಂದು ಹೆಸರು. ಇವುಗಳ ಕಾರ್ಯಕ್ರಮವು ಕಚೇರಿಗಳನ್ನು ಬಲ್ಲ ನಮ್ಮ ವಾಚಕರಿಗೆ ಸುಲಭವಾಗಿ ತಿಳಿಯತಕ್ಕದ್ದು. ಬಾಗಿಲಲ್ಲಿ ಒಬ್ಬ ಜವಾನನು ತನ್ನ ಹೆಸರು ಕಿವಿಗೆ ಬೀಳುವವರೆಗೆ ಸುಮ್ಮನೆ ನಿಂತಿರುವನು. ಇವನ ಕೆಲಸಕ್ಕೆ ಓಪನ್‌ವೇಕ್‌ವರ್ಡ್ ಎಂಬುದುಂಟು. ಆಡಿದ ಮಾತನ್ನು ಬರಹಕ್ಕಿಳಿಸುವ ಗುಮಾಸ್ತನು ಎರಡನೆಯವನು. ಓಪನ್‌ಎಐ ಸಂಸ್ಥೆಯವರು 2022ರ ಸೆಪ್ಟೆಂಬರಿನಲ್ಲಿ ಬಹಿರಂಗಪಡಿಸಿದ ವಿಸ್ಪರ್ ಎಂಬುದು ಈ ಕೆಲಸದಲ್ಲಿ ಹೆಸರಾದುದು. ಬರಹದ ತಾತ್ಪರ್ಯವನ್ನರಿತು ಹುಕುಮು ಹೊರಡಿಸುವ ಶಿರಸ್ತೇದಾರನ ಸ್ಥಾನದಲ್ಲಿ ಹೋಮ್ ಅಸಿಸ್ಟೆಂಟ್ ಎಂಬುದಿದೆ. ಉತ್ತರವನ್ನು ಓದಿ ಹೇಳಲು ಪೈಪರ್ ಮೊದಲಾದವು ಇವೆ. ಈ ನಾಲ್ವರನ್ನೂ ಅಂಗೈಯಗಲದ ರಾಸ್ಪ್‌ಬೆರಿ ಪೈ ಗಣಕದಲ್ಲಿಯೇ ಕೂಡ್ರಿಸಬಹುದು. ಅಷ್ಟು ಸಣ್ಣ ಜಾಗದಲ್ಲಿ ಗುಮಾಸ್ತನು ಸ್ವಲ್ಪ ನಿಧಾನವಾಗುವನೆಂಬುದು ನಿಜ. ಆದರೆ ಇಂಟರ್ನೆಟ್ಟಿನ ಸಂಪರ್ಕವನ್ನು ಕಡಿದರೂ ಕಚೇರಿಯ ಕೆಲಸ ನಿಲ್ಲುವದಿಲ್ಲ, ಮನೆಯ ಮಾತು ಹೊಸಲು ದಾಟುವದಿಲ್ಲ. ಪೌಲಸ್ ಸ್ಕೌಟ್ಸನ್ ಎಂಬವರು 2013ರಲ್ಲಿ ಆರಂಭಿಸಿದ ಹೋಮ್ ಅಸಿಸ್ಟೆಂಟ್ 2024ರಿಂದ ಲಾಭದ ಉದ್ದೇಶವಿಲ್ಲದ ಓಪನ್ ಹೋಮ್ ಫೌಂಡೇಶನ್ನಿನ ಒಡೆತನದಲ್ಲಿದೆ.

ಬೆಲೆಯಿಲ್ಲದಿರುವದೇ ಇವುಗಳ ದೊಡ್ಡ ಗುಣವೆಂದು ಭಾವಿಸಿದವರು ಮೈಕ್ರಾಫ್ಟಿನ ವೃತ್ತಾಂತವನ್ನು ತಿಳಿಯಬೇಕು. 2015ರಲ್ಲಿ ಅಮೇರಿಕೆಯ ಕೆಲವರು ಸಾರ್ವಜನಿಕರಿಂದ ವಂತಿಗೆಯೆತ್ತಿ ಈ ಹೆಸರಿನ ಸೇವಕನನ್ನು ಕಟ್ಟಿದರು. 2018ರಲ್ಲಿ ಎರಡನೆಯ ಯಂತ್ರಕ್ಕೆಂದು ಮತ್ತೆ ಹಣ ಕೂಡಿತು. ಅಷ್ಟರಲ್ಲಿ ಪೇಟೆಂಟಿನ ವ್ಯಾಜ್ಯವೊಂದು ಗಂಟುಬಿದ್ದಿತು, ಖರ್ಚು ಕೈಮೀರಿತು, 2023ರ ಆರಂಭದಲ್ಲಿ ಕಂಪನಿಯು ಕೈಚೆಲ್ಲಿತು, ಹಣ ಕೊಟ್ಟವರಲ್ಲಿ ಅನೇಕರಿಗೆ ಯಂತ್ರವೇ ಮುಟ್ಟಲಿಲ್ಲ. ಮಾಮೂಲಿನ ಕಂಪನಿಯಾಗಿದ್ದರೆ ಅದರೊಡನೆ ಸೇವಕನೂ ಮಣ್ಣುಪಾಲಾಗುತ್ತಿದ್ದನು. ಆದರೆ ಅದರ ರಚನೆಯು ಮುಕ್ತ ಲೈಸೆನ್ಸಿನಲ್ಲಿ ಹೊರಬಿದ್ದಿದ್ದರಿಂದ ಓಪನ್‌ವಾಯ್ಸ್‌ಒಎಸ್ ಮತ್ತು ನಿಯಾನ್ ಎಂಬ ಬಳಗದವರು ಅದನ್ನೆತ್ತಿಕೊಂಡು ಮುಂದುವರಿಸಿದರು. ಅಂಗಡಿಯ ಬಾಗಿಲು ಮುಚ್ಚಿದರೂ ಕಸಬು ಉಳಿಯಿತು. ಇಲ್ಲಿಯೇ ಇನ್ನೊಂದು ಎಚ್ಚರಿಕೆ: ಮುಕ್ತವೆಂದು ಹಣೆಪಟ್ಟಿ ಕಟ್ಟಿಕೊಂಡುದೆಲ್ಲವೂ ಮುಕ್ತವಲ್ಲ. ಮೆಟಾ ಕಂಪನಿಯವರ ಲಾಮಾ ಎಂಬ ಭಾಷಾಮಾದರಿಯನ್ನು ಯಾರೂ ಇಳಿಸಿಕೊಳ್ಳಬಹುದಾದರೂ ಅದರ ಲೈಸೆನ್ಸಿನಲ್ಲಿ ಬಳಕೆಗೆ ನಿರ್ಬಂಧಗಳಿವೆಯೆಂದು ಓಪನ್ ಸೋರ್ಸ್ ಇನಿಶಿಯೇಟಿವ್ ಸಂಸ್ಥೆಯವರು ಅದಕ್ಕೆ ಆ ಹೆಸರನ್ನು ಒಪ್ಪಿಲ್ಲ.

ಉಪಕರಣಗಳು ಇಷ್ಟೆಲ್ಲ ಕೈಗೆ ಸಿಕ್ಕಿದರೂ ಕನ್ನಡಿಗನ ತೊಡಕು ಬೇರೆಯೇ ಇದೆ. ಮೇಲೆ ಹೇಳಿದ ವಿಸ್ಪರ್ ಮೊದಲು ಹೊರಬಂದಾಗ 6,80,000 ಗಂಟೆಗಳ ಮಾತನ್ನು ಕೇಳಿ ಕಲಿತಿದ್ದಿತು. ಅದರಲ್ಲಿ ಇಂಗ್ಲಿಷನ್ನು ಬಿಟ್ಟು ಉಳಿದ 96 ಭಾಷೆಗಳನ್ನು ಆಯಾ ಭಾಷೆಯಲ್ಲಿಯೇ ಬರೆಯಲು ಕಲಿಸಿದ ಪಾಲು ಎಲ್ಲವೂ ಸೇರಿ 1,17,000 ಗಂಟೆಗಳು ಮಾತ್ರ. ಕನ್ನಡವು ಆ 96ರಲ್ಲಿ ಒಂದು. ಇಂಥ ಗುಮಾಸ್ತನು ನಮ್ಮ ಮಾತನ್ನು ತಪ್ಪು ಬರೆದರೆ ಆಶ್ಚರ್ಯವೇನು? ಶಿರಸ್ತೇದಾರನ ಕಷ್ಟವೂ ಕಡಿಮೆಯದಲ್ಲ. ಮೈಸೂರಿನವರು ಲೈಟು ಹಾಕು ಎನ್ನುವರು, ಧಾರವಾಡದವರು ಲೈಟು ಹಚ್ಚು ಎನ್ನುವರು; ದೀಪವನ್ನು ಆರಿಸು ಎಂಬ ಮಾತು ಅಶುಭವೆಂದು ಶಾಂತ ಮಾಡು ಎನ್ನುವ ಅಜ್ಜಿಯರು ಇನ್ನೂ ಇದ್ದಾರೆ. ಇದನ್ನೆಲ್ಲ ಸಿಯಾಟಲ್ಲಿನಲ್ಲಿ ಕುಳಿತವರು ನಮಗೋಸ್ಕರ ಬರೆದಿಡುವರೆಂದು ಕಾಯುವದು ವ್ಯರ್ಥ. ಹೋಮ್ ಅಸಿಸ್ಟೆಂಟಿನಲ್ಲಾದರೆ ಆಯಾ ಭಾಷೆಯ ಹುಕುಮಿನ ವಾಕ್ಯಗಳನ್ನು ಆ ಭಾಷೆಯ ಸ್ವಯಂಸೇವಕರೇ ಬರೆದು ಸೇರಿಸುವರು. ಗಣಕದ ಸ್ವಲ್ಪ ಪರಿಚಯವಿದ್ದ ಶಾಲಾ ಮಾಸ್ತರರೂ ಮಾಡಬಹುದಾದ ಕೆಲಸವಿದು.

ನಮ್ಮವರು ಕೈಕಟ್ಟಿ ಕುಳಿತಿಲ್ಲವೆಂಬುದನ್ನೂ ಹೇಳಬೇಕು. ಮದ್ರಾಸಿನ ಐ.ಐ.ಟಿ.ಯ ಎಐಫಾರ್‌ಭಾರತ್ ಬಳಗದವರು ಕನ್ನಡವೂ ಸೇರಿದಂತೆ ದೇಶಭಾಷೆಗಳ ಮಾತನ್ನು ಬರೆಯುವ ಹಾಗೂ ಬರಹವನ್ನು ಓದುವ ಮಾದರಿಗಳನ್ನು ಬಹಿರಂಗಪಡಿಸಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ವಾಣಿ ಯೋಜನೆಯು ಜಿಲ್ಲೆ ಜಿಲ್ಲೆಯ ಜನರ ಮಾತನ್ನು ಮುದ್ರಿಸಿ ಸರ್ವರ ಉಪಯೋಗಕ್ಕೆ ತೆರೆದಿಡುತ್ತಿದೆ. ಇದಕ್ಕೂ ಗೂಗಲ್ ಕಂಪನಿಯ ದ್ರವ್ಯಸಹಾಯವೇ ಬೇಕಾಯಿತೆಂಬುದನ್ನು ನಮ್ಮ ನಾಡಿನ ಶ್ರೀಮಂತರು ಗಮನಿಸಬೇಕು.

ಅಧಿಕಾರಿಗಳಲ್ಲಿ ನಮ್ಮ ಬಿನ್ನಹವೊಂದಿದೆ. ರೈತನು ಪಹಣಿಯ ಮಾತನ್ನೋ ಮುದುಕಿಯು ಪಿಂಚಣಿಯ ಮಾತನ್ನೋ ಬಾಯಿಂದಲೇ ಕೇಳಿ ತಿಳಿದುಕೊಳ್ಳುವ ಯಂತ್ರಗಳನ್ನು ಸರಕಾರದ ಹಣದಿಂದ ಕೊಳ್ಳುವ ಪ್ರಸಂಗ ಬಂದಾಗ, ಆ ಧ್ವನಿಯು ಯಾರ ಗಣಕವನ್ನು ಸೇರುವದು, ಕಂಪನಿಯು ಬಾಗಿಲು ಹಾಕಿದರೆ ಯಂತ್ರವನ್ನು ನಡೆಸಲು ಬೇಕಾದ ರಚನೆಯು ಕಚೇರಿಯ ಕೈಯಲ್ಲಿ ಉಳಿಯುವದೇ ಎಂದು ಕೇಳತಕ್ಕದ್ದು. ಅದರಂತೆಯೇ ಕನ್ನಡದ ಮಾತನ್ನು ಸರಕಾರದ ಖರ್ಚಿನಲ್ಲಿ ಮುದ್ರಿಸಿಕೊಳ್ಳುವವರು, ಮಾತನಾಡಿದವರ ಒಪ್ಪಿಗೆ ಪಡೆದು, ಅವರ ಹೆಸರು ವಿಳಾಸಗಳನ್ನು ಮರೆಮಾಡಿ, ಆ ಸಂಗ್ರಹವನ್ನು ಮುಕ್ತ ಲೈಸೆನ್ಸಿನಲ್ಲಿ ಪ್ರಕಟಿಸಬೇಕೆಂಬ ಷರತ್ತನ್ನು ಟೆಂಡರಿನಲ್ಲಿಯೇ ಬರೆಯಿಸಬೇಕು. ಕರಾರಿಗೆ ರುಜುವಾದ ಮೇಲೆ ಕೇಳಿದರೆ ಯಾವ ಕಂಪನಿಯೂ ಕೊಡಲಾರದು.