ನಲವತ್ತು ಮೈಲಿ ಎಲ್ಲಿ ಹೋಯಿತು?

“ಅಮೆರಿಕ ಪಡುವಲಾಗೈತೆ ಅಂತೀಯ. ಮತ್ತೆ ಇಮಾನ ಬಡಗಲಾಗೆ ಯಾಕ್ ಹೋಗತೈತೆ ಮಗ?”

ಹೊಳಲ್ಕೆರೆಯ ಜಗಲಿಯ ಮೇಲೆ ಅಜ್ಜಿ ಹೀಗೆ ಕೇಳಿದಾಗ ನನ್ನ ಕೈಯಲ್ಲಿ ಹಿರಿಯೂರು ಕಡೆಯ ದಾಳಿಂಬೆಯೊಂದಿತ್ತು. ಹಣ್ಣಿನ ಕಿರೀಟವನ್ನೇ ಉತ್ತರ ಧ್ರುವ ಮಾಡಿದೆ. ಬೆಂಗಳೂರಿಗೊಂದು ಗುಂಡುಪಿನ್ನು, ಹಿಂಬದಿಗೆ ಸ್ಯಾನ್ ಫ್ರಾನ್ಸಿಸ್ಕೋಗೊಂದು. ನಡುವೆ ಹೊಲಿಗೆ ದಾರ ಬಿಗಿದರೆ ಅದು ಸೊಂಟ ಬಳಸಲೊಲ್ಲದೆ ಜಾರಿಕೊಂಡು ಕಿರೀಟದ ಮಗ್ಗುಲಿಗೆ ಹೋಗಿ ನಿಂತಿತು. ಚೆಂಡಿನ ಮೈಮೇಲೆ ಹತ್ತಿರದ ದಾರಿ ಅದೇ.

ದಾರದ ಅಳತೆ ಸಿಕ್ಕಿತು, ನೆಲದ್ದು? ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಸುಮಾರು 60 ಕಿ.ಮೀ.; ನಕ್ಷೆಯಲ್ಲಿ ನೇರ ಗೆರೆ ಎಳೆದರೆ 50ರ ಹತ್ತಿರ. ಉಳಿದದ್ದೆಲ್ಲ ರಸ್ತೆಯ ತಿರುವು. ಹಿಂದಿನ ನಕ್ಷೆಗಾರರಿಗೂ ಇದೇ ತೊಡಕು. ಸೈನ್ಯ ನಡೆದ ಹಾದಿ, ಉರುಳಿಸಿದ ಚಕ್ರದ ಸುತ್ತು, ಇವನ್ನೇ ಎಣಿಸಿ ಊರುಗಳನ್ನು ಕೂರಿಸುತ್ತಿದ್ದರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯಲು ಕಾಲಿನ್ ಮೆಕೆಂಜಿ ನೇಮಕವಾದ. ಅದೇ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ನನಿಗೆ ಬೇರೆಯೇ ಹುಚ್ಚು: ನಡೆಯದೆ ಅಳೆಯಬೇಕು. ತ್ರಿಕೋನದ ಒಂದು ಭುಜ, ಎರಡು ಕೋನ ಗೊತ್ತಾದರೆ ಮಿಕ್ಕ ಎರಡು ಭುಜ ಲೆಕ್ಕದಲ್ಲೇ ಬರುತ್ತವಲ್ಲ. ಅವುಗಳಲ್ಲೊಂದು ಮುಂದಿನ ತ್ರಿಕೋನಕ್ಕೆ ಆಧಾರ.

ಆದರೆ ಮೊದಲ ಭುಜವನ್ನು ನೆಲದ ಮೇಲೇ ಅಳೆಯಬೇಕು. 1802ರ ಏಪ್ರಿಲ್–ಮೇ, ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ, ಉರಿಬಿಸಿಲು. 100 ಅಡಿಯ ಉಕ್ಕಿನ ಸರಪಳಿ ಬಿಸಿಗೆ ಹಿಗ್ಗುತ್ತದೆಂದು ಅದಕ್ಕೇ ಡೇರೆಯ ನೆರಳು, ಪಕ್ಕದಲ್ಲಿ ಥರ್ಮಾಮೀಟರ್! ಏಳೂವರೆ ಮೈಲಿಗೆ ನಲವತ್ತಕ್ಕೂ ಹೆಚ್ಚು ದಿನ ಹಿಡಿಯಿತು. ಕೋನ ನೋಡುವ ಅರ್ಧ ಟನ್ನಿನ ಥಿಯೊಡಲೈಟನ್ನು ಹಡಗಿನ ಸಮೇತ ಫ್ರೆಂಚರು ಹಿಡಿದು ಮಾರಿಷಸ್‌ಗೆ ಒಯ್ದಿದ್ದರು. ಏನೆಂದು ತಿಳಿದ ಮೇಲೆ ಮರ್ಯಾದೆಯಿಂದ ಹಿಂತಿರುಗಿಸಿದರು.

ಗುಡ್ಡದಿಂದ ಗುಡ್ಡಕ್ಕೆ ತ್ರಿಕೋನಗಳು ಬೆಂಗಳೂರಿಗೆ ಬಂದವು. 1804ರಲ್ಲಿ ಅಲ್ಲಿ ಮತ್ತೆ ಸರಪಳಿ ಹಾಸಿ ನೋಡಿದರೆ ಲೆಕ್ಕಕ್ಕೂ ನೆಲಕ್ಕೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲವೂ ಇಲ್ಲ. ಸಾಲು ನಮ್ಮ ಜಿಲ್ಲೆಯ ದಕ್ಷಿಣಕ್ಕೆ ಹಾದು ಮಂಗಳೂರಿನ ಕಡಲು ಮುಟ್ಟಿದಾಗ ಬೆರಗು ಕಾದಿತ್ತು. 400 ಮೈಲಿ ಎಂದು ನಂಬಿದ್ದ ಮದರಾಸು–ಮಂಗಳೂರು ನಡುವಿನ ಅಗಲ ಬರೀ 360! ನಲವತ್ತು ಮೈಲಿ ನೆಲ ಕಾಗದದ ಮೇಲಷ್ಟೇ ಇತ್ತು.

ಇಂದು ಅಕ್ಷಾಂಶ, ರೇಖಾಂಶ ಕೊಟ್ಟರೆ ಮೊಬೈಲು ಕ್ಷಣದಲ್ಲಿ ದೂರ ಹೇಳುತ್ತದೆ. ಒಳಗಿರುವುದು ಅದೇ ತ್ರಿಕೋನ. ಗುಂಡಗಿನ ಭೂಮಿಯ ಮೇಲೆ ಬಾಗಿದೆ, ಅಷ್ಟೆ. ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ಹೀಗೆ ಸುಮಾರು 14,000 ಕಿ.ಮೀ. 2021ರ ಜನವರಿ 9ರಂದು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳೆಯರೇ ಇದ್ದ ಏರ್ ಇಂಡಿಯಾ ತಂಡ ಧ್ರುವದ ಮೇಲಿಂದ ವಿಮಾನ ಹಾರಿಸಿ ಸುಮಾರು 17 ಗಂಟೆಯಲ್ಲಿ ಇಲ್ಲಿಗೆ ತಂದಿಳಿಸಿತು. ದೂರ ಬದಲಾಗದು, ಹೊತ್ತು ಮಾತ್ರ ಗಾಳಿಯ ಕೈಯಲ್ಲಿ. ಎದುರುಗಾಳಿಯಿದ್ದರೆ ದಾರ ತೋರಿದ ಹಾದಿಯನ್ನೂ ಬಿಟ್ಟು ಬಳಸುತ್ತಾರೆ.

ಅಜ್ಜಿ ಪಿನ್ನು ಕಿತ್ತು ಹಣ್ಣು ಬಿಡಿಸತೊಡಗಿದಳು. “ಹದಿನೇಳು ಗಂಟೆ ಸರಿ. ಬೆಂಗಳೂರಿಂದ ಹೊಳಲ್ಕೆರೆಗೆ ಎಷ್ಟೊತ್ತು, ಅದನ್ನ ಹೇಳು.”